ಎರಡನೇ ಪ್ಲೇಟು

ಜನವರಿ 12

ತಮ್ಮಾ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಕಸದ ಬುಟ್ಟಿಗೆ ಹಾಕಬೇಡ. ಒಂದು ಸಲ ಓದು, ಆಮೇಲೆ ಹಾಕು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಹೆಂಡತಿ ಎತ್ತಿ "ಅವರು ಅಂಗಡೀಲಿದಾರೆ ಅಕ್ಕಾ" ಎನ್ನುತ್ತಾಳೆ. ಅವಳ ಹಿಂದೆಯೇ ನೀನು ಕೆಮ್ಮುವುದು ನನಗೆ ಕೇಳಿಸುತ್ತಿರುತ್ತದೆ. ಅದಕ್ಕೇ ಈ ಪತ್ರ.

ಕುಶಲ ವಿಚಾರಿಸಿದರೆ ನಾಟಕ ಎನ್ನುತ್ತೀಯ. ನೇರ ವಿಷಯಕ್ಕೆ ಬರುತ್ತೇನೆ. ನಾನು ಇನ್ನೂ ಅದೇ ಲ್ಯಾಬಿನಲ್ಲಿ, ಅದೇ ಮೂರನೇ ಮಹಡಿಯಲ್ಲಿ, ಅದೇ ಕುಂಟುವ ಸ್ಟೂಲಿನ ಮೇಲೆ ಕೂತು ಮಕ್ಕಳ ರಕ್ತದ ಟ್ಯೂಬುಗಳನ್ನು ಎಣಿಸುತ್ತಿದ್ದೇನೆ. ಹಳೆಯ ನಿರ್ದೇಶಕರು ನಿವೃತ್ತರಾದರು. ಅವರ ಜಾಗಕ್ಕೆ ಒಬ್ಬ ಮೇಡಂ ಬಂದಿದ್ದಾರೆ. ನನಗಿಂತ ಹದಿನೈದು ವರ್ಷ ಚಿಕ್ಕವರು. ಬಂದ ಮೊದಲ ವಾರವೇ ಬೀರು ತೆಗೆದು ಹಳೆಯ ಕಡತಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತರು.

ಅದರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಅಧ್ಯಯನವೂ ಸಿಕ್ಕಿತು. ನೀನು ಕೆಲಸ ಕಳೆದುಕೊಂಡ ಅಧ್ಯಯನ. ಮಕ್ಕಳ ರಕ್ತವನ್ನು ತೊಂಬತ್ತಾರು ಪುಟ್ಟ ಗುಳಿಗಳಿರುವ ಪ್ಲೇಟುಗಳಲ್ಲಿ ತುಂಬಿ ಯಂತ್ರಕ್ಕೆ ಇಟ್ಟಿದ್ದೆವು, ಮೂರು ಪ್ಲೇಟುಗಳಲ್ಲಿ ಎರಡನೆಯದರ ಫಲಿತಾಂಶಕ್ಕೆ ತಲೆಬುಡ ಇರಲಿಲ್ಲ. ಯಾವ ಗುಳಿಯಲ್ಲಿ ಯಾವ ಮಗುವಿನ ರಕ್ತ ಎಂದು ರಿಜಿಸ್ಟರ್ ಬರೆದವನು ನೀನು, ಆದ್ದರಿಂದ ಹೆಸರುಗಳನ್ನು ಅದಲುಬದಲು ಮಾಡಿದವನೂ ನೀನೇ ಎಂದು ತೀರ್ಮಾನವಾಯಿತು. ಹನ್ನೊಂದು ವರ್ಷವಾಯಿತು. ಅದನ್ನು ಕೆದಕುವುದಕ್ಕಲ್ಲ ನಾನು ಬರೆಯುತ್ತಿರುವುದು.

ಆ ಮಕ್ಕಳ ಮಾಹಿತಿಯನ್ನು ಈಗಿನ ಹೊಸ ಸಾಫ್ಟ್‌ವೇರಿನಲ್ಲಿ ಮತ್ತೆ ನೋಡಬೇಕು ಎನ್ನುತ್ತಾರೆ ಮೇಡಂ. ಆದರೆ ಮಕ್ಕಳ ಮಾಹಿತಿ ಲ್ಯಾಬಿನ ಕೋಣೆ ಬಿಟ್ಟು ಹೊರಗೆ ಹೋಗುವಂತಿಲ್ಲ, ಅದು ಇರುವ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡುವಂತೆಯೂ ಇಲ್ಲ. ಅದನ್ನು ಜೋಡಿಸಿದವನು ನೀನು. ನೀನು ಹೋದ ಮೇಲೆ ಬಂದವರೆಲ್ಲ ಅದರ ಮುಂದೆ ಹತ್ತು ನಿಮಿಷ ಕೂತು ಕೈ ಮುಗಿದು ಎದ್ದಿದ್ದಾರೆ. ಪಾಸ್‌ವರ್ಡೇ ಯಾರಿಗೂ ಗೊತ್ತಿಲ್ಲ. ಸಾಫ್ಟ್‌ವೇರ್ ಹಾಕುವ ಕೆಲಸ ನನ್ನ ಕುತ್ತಿಗೆಗೆ ಬಂದಿದೆ. ಸಹಾಯ ಮಾಡುತ್ತೀಯಾ?

ನಿನ್ನ ಅಕ್ಕ

ಜನವರಿ 29

ಅಕ್ಕನಿಗೆ,

ಪಾಸ್‌ವರ್ಡನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಓದಿ ಹರಿದು ಹಾಕು.

ಮೊದಲು ಕಂಪ್ಯೂಟರಿನಲ್ಲಿ ಎಷ್ಟು ಜಾಗ ಖಾಲಿ ಇದೆ ನೋಡು. ಕಡಿಮೆ ಇದ್ದರೆ "ಪ್ರವಾಸ" ಎಂಬ ಫೋಲ್ಡರನ್ನು ಅಳಿಸು, ಅದರಲ್ಲಿ ನಿಮ್ಮ ನಿರ್ದೇಶಕರು ದೋಣಿಯಲ್ಲಿ ನಿಂತ ಇನ್ನೂರು ಫೋಟೋ ಇವೆ. ಮಕ್ಕಳ ಫೋಲ್ಡರಿಗೆ ಕೈ ಹಾಕುವ ಮೊದಲು ಅದರ ಪ್ರತಿ ತೆಗೆದಿಟ್ಟುಕೋ. ತೆಗೆದ ಪ್ರತಿ ಸರಿಯಿದೆಯೇ ನೋಡು. ಇನ್ನೊಮ್ಮೆ ನೋಡು. ಮೂರನೇ ಸಲವೂ ನೋಡು. ಆಮೇಲೆ ಸಾಫ್ಟ್‌ವೇರ್ ಹಾಕಲು ಶುರು ಮಾಡು. ಕೆಂಪು ಅಕ್ಷರದಲ್ಲಿ ಏನು ಬಂದರೂ ಅದನ್ನು ಇದ್ದದ್ದು ಇದ್ದಂತೆ ಬರೆದು ಕಳಿಸು. ನಿನ್ನ ವಿವರಣೆ ಬೇಡ.

ಇದನ್ನು ಮಕ್ಕಳಿಗಾಗಿ ಮಾಡುತ್ತಿದ್ದೇನೆ.

ತಮ್ಮ

ಫೆಬ್ರವರಿ 7

ತಮ್ಮಾ,

ಪಾಸ್‌ವರ್ಡ್ ನೋಡಿದೆ. "ಅಕ್ಕನಿಗೆಹೇಳಬೇಡ." ನನ್ನ ಕೈಯಿಂದಲೇ ಇದನ್ನು ಒತ್ತಿಸಿದೆಯಲ್ಲ! ಮೊದಲನೇ ಸಲ ಸಿಟ್ಟಿನಲ್ಲಿ ತಪ್ಪು ಒತ್ತಿದೆ. ಎರಡನೇ ಸಲ ಪಕ್ಕದಲ್ಲಿ ನಿಂತಿದ್ದ ಮೇಡಂ "ಏನ್ರೀ ಅದು?" ಎಂದು ಕೇಳಿದರು. ಹೇಳಿದೆ. ಅವರು ಗೋಡೆ ಹಿಡಿದುಕೊಂಡು ನಕ್ಕರು. ಕೊನೆಗೆ ನನಗೂ ನಗು ಬಂತು. ನಿನಗೆ ನಾನು ಅಷ್ಟು ಕಾಟ ಕೊಟ್ಟಿದ್ದೇನೆಯೇ? ಉತ್ತರ ಬರೆಯಬೇಡ.

ಈಗ ಕೆಂಪು ಅಕ್ಷರದ ವಿಷಯ. ಸಾಫ್ಟ್‌ವೇರ್ ಅಂದರೆ ಒಂದು ಡಬ್ಬ, ತೆರೆದರೆ ಆಯಿತು ಎಂದುಕೊಂಡಿದ್ದೆ. ಇದು ಮದುವೆ ಮನೆಗೆ ಕರೆದ ನೆಂಟರ ಹಾಗಿದೆ. ಒಬ್ಬರನ್ನು ಕರೆದರೆ ನಮ್ಮ ಭಾವ ಬರದೆ ನಾನು ಬರುವುದಿಲ್ಲ ಎನ್ನುತ್ತಾರೆ. ಭಾವನನ್ನು ಕರೆದರೆ ಅವರಿಗೆ ಚಿಕ್ಕಪ್ಪ ಬೇಕು. ಇಂಟರ್‌ನೆಟ್ ಇದ್ದಿದ್ದರೆ ಎಲ್ಲರೂ ತಾವೇ ಬರುತ್ತಿದ್ದರಂತೆ. ಇಲ್ಲವಾದ್ದರಿಂದ ಮೇಡಂ ತಮ್ಮ ಮನೆಯಲ್ಲಿ ಒಂದೊಂದನ್ನೇ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರುತ್ತಿದ್ದಾರೆ. ಇಲ್ಲಿಯವರೆಗೆ ಮೂವತ್ತೊಂದು ಜನ ಬಂದಾಗಿದೆ. ಮೂವತ್ತೆರಡನೆಯವನು ಬಾಗಿಲಲ್ಲೇ ನಿಂತು ತಕರಾರು ಮಾಡುತ್ತಿದ್ದಾನೆ. ಅವನು ಹೇಳಿದ್ದನ್ನು ಈ ಹಾಳೆಯ ಹಿಂಬದಿಯಲ್ಲಿ ಅಕ್ಷರಕ್ಕೆ ಅಕ್ಷರ ಬರೆದಿದ್ದೇನೆ. ವಿವರಣೆ ಕೊಟ್ಟಿಲ್ಲ, ನೋಡು.

ಪ್ರತಿಯನ್ನು ಒಂದು ಸಲ ನೋಡಿದೆ. ಸರಿಯಿತ್ತು. ಮೂರು ಸಲ ನೋಡುವುದಕ್ಕೆ ನನಗೇನು ಬೇರೆ ಕೆಲಸವಿಲ್ಲವೇ?

ನಿನ್ನ ಅಕ್ಕ

ಫೆಬ್ರವರಿ 16

ಅಕ್ಕನಿಗೆ,

ಮೂವತ್ತೆರಡನೆಯವನದು ತಪ್ಪಿಲ್ಲ. ಅವನು ಈ ವರ್ಷದವನು, ನಿಮ್ಮ ಕಂಪ್ಯೂಟರ್ ಹನ್ನೆರಡು ವರ್ಷದ ಹಿಂದಿನದು. ಇಬ್ಬರ ಭಾಷೆ ಹೊಂದುತ್ತಿಲ್ಲ. ಮೇಡಂಗೆ ಹೇಳಿ ಅದೇ ಭಾಗದ ಹಳೆಯ ಆವೃತ್ತಿ ತರಿಸು, ಯಾವುದು ಎಂದು ಕೆಳಗೆ ಬರೆದಿದ್ದೇನೆ. ಸಂಖ್ಯೆಯನ್ನು ನಾಲ್ಕು ಸಲ ಪರೀಕ್ಷಿಸಿದ್ದೇನೆ. ನೀನೂ ಪರೀಕ್ಷಿಸು.

ಇನ್ನೊಂದು. ನೀನು ಬರೆದು ಕಳಿಸಿದ ಕೆಂಪು ಅಕ್ಷರದಲ್ಲೇ ಕಂಡಿತು, ಫೋಲ್ಡರಿಗೆ "ಮಕ್ಕಳ ರಕ್ತ ಎರಡನೇ ಪ್ಲೇಟು ಮುಟ್ಟಬೇಡಿ" ಎಂದು ಹೆಸರಿಟ್ಟಿರುವೆ. ಅಷ್ಟುದ್ದದ ಹೆಸರು ಬೇಡ, ಪದಗಳ ನಡುವೆ ಖಾಲಿ ಜಾಗ ಬಿಟ್ಟರೆ ಈ ಸಾಫ್ಟ್‌ವೇರ್ ಅಲ್ಲಿಗೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಒಂದೇ ಪದ ಸಾಕು.

ಇಲ್ಲಿ ಸೈಕಲ್ ರಿಪೇರಿ ಚೆನ್ನಾಗಿ ನಡೆಯುತ್ತಿದೆ. ನಟ್ಟು ಬಿಗಿ ಮಾಡಿ, ಮತ್ತೆ ನೋಡಿ, ಗಿರಾಕಿ ಹೊರಟ ಮೇಲೆ ಬೀದಿ ತುದಿಯವರೆಗೆ ಓಡಿ ಮತ್ತೊಮ್ಮೆ ಮುಟ್ಟಿ ನೋಡುತ್ತೇನೆ. ಬೀದಿಯವರು ನಗುತ್ತಾರೆ. ನಕ್ಕರೆ ನಗಲಿ, ನನ್ನ ಅಂಗಡಿಯಿಂದ ಹೋದ ಸೈಕಲಿನಿಂದ ಇದುವರೆಗೆ ಯಾರೂ ಬಿದ್ದಿಲ್ಲ.

ಈ ಸಾಫ್ಟ್‌ವೇರ್ ನಿಜಕ್ಕೂ ಏನು ನೋಡುತ್ತದೆ? ನಮ್ಮ ಕಾಲದಲ್ಲಿ ನಿರ್ದೇಶಕರು ಯಾವತ್ತೂ ಬಿಡಿಸಿ ಹೇಳಲಿಲ್ಲ.

ತಮ್ಮ

ಮಾರ್ಚ್ 3

ತಮ್ಮಾ,

ಕೂತಿತು! ನಿನ್ನೆ ಸಂಜೆ ನಾಲ್ಕೂವರೆಗೆ ನಲವತ್ಮೂರು ಜನ ನೆಂಟರೂ ಒಟ್ಟಿಗೆ ಪಂಕ್ತಿಯಲ್ಲಿ ಕೂತರು. ಕೆಂಪು ಅಕ್ಷರ ಒಂದೂ ಇಲ್ಲ. ನಾನು ಸ್ಟೂಲಿನಿಂದ ಎದ್ದು ಕಾರಿಡಾರಿನ ತುದಿಯವರೆಗೆ ನಡೆದು ಹೋಗಿ ವಾಪಸ್ ಬಂದೆ, ಸುಮ್ಮನೆ, ಖುಷಿಗೆ. ಐವತ್ತೆರಡನೇ ವಯಸ್ಸಿನಲ್ಲಿ ನಾನೊಂದು ಸಾಫ್ಟ್‌ವೇರ್ ಹಾಕಿದೆ ಎಂದು ಯಾರಿಗಾದರೂ ಹೇಳಬೇಕು ಎನಿಸಿತು. ಮೊದಲು ನೆನಪಾದವನು ನೀನೇ.

ಏನು ನೋಡುತ್ತದೆ ಎಂದು ಕೇಳಿದೆಯಲ್ಲ, ಮೇಡಂ ನನಗೆ ಹೇಳಿದ್ದನ್ನೇ ಹೇಳುತ್ತೇನೆ. ಅಪ್ಪ ಅಮ್ಮನಿಂದ ಬಂದ ಜೀನುಗಳು ಒಂದು ಪುಸ್ತಕವಾದರೆ, ಅದರ ಅಂಚಿನಲ್ಲಿ ಬದುಕು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗುತ್ತದಂತೆ, ಇಲ್ಲಿ ಗಟ್ಟಿಯಾಗಿ ಓದು, ಇಲ್ಲಿ ಬಿಟ್ಟುಬಿಡು ಎಂದು. ಅಕ್ಷರ ಬದಲಾಗುವುದಿಲ್ಲ, ಓದುವ ರೀತಿ ಬದಲಾಗುತ್ತದೆ. ತಿಂಗಳಿಗೆ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಮಗುವಿಗೂ, ದಿನ ತುಂಬಿ ಹುಟ್ಟಿದ ಮಗುವಿಗೂ ಈ ಗುರುತುಗಳು ಎಲ್ಲೆಲ್ಲಿ ಬೇರೆ ಎಂದು ಸಾಫ್ಟ್‌ವೇರ್ ಹೋಲಿಸಿ ಹೇಳುತ್ತದೆ. ಆ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. ಯಾರಿಗೆ ಮುಂದೆ ಏನು ನೋಡಿಕೊಳ್ಳಬೇಕು ಎಂದು ತಾಯಂದಿರಿಗೆ ಹೇಳಬಹುದಾಗಿತ್ತು, ಹನ್ನೊಂದು ವರ್ಷದ ಹಿಂದೆಯೇ.

ಹೋಲಿಸುವ ಮೊದಲು ಅದು ಇನ್ನೊಂದು ಕೆಲಸ ಮಾಡುತ್ತದೆ. ಪ್ರತಿ ರಕ್ತದ ಗುರುತು ನೋಡಿ ಇದು ಗಂಡು, ಇದು ಹೆಣ್ಣು ಎಂದು ತಾನೇ ಹೇಳಿ, ರಿಜಿಸ್ಟರಿನ ಜೊತೆ ತಾಳೆ ನೋಡುತ್ತದೆ. ಒಂದನೇ ಪ್ಲೇಟು ಎಲ್ಲ ಸರಿ. ಮೂರನೆಯದೂ ಸರಿ. ಎರಡನೆಯದರಲ್ಲಿ ತೊಂಬತ್ತಾರು ಮಕ್ಕಳಿಗೆ ನಲವತ್ತಾರು ತಪ್ಪು! ಮೇಡಂ ತಲೆ ಮೇಲೆ ಕೈ ಹೊತ್ತರು. ನಾನು, ಇದು ನಮ್ಮ ಗಡಿಬಿಡಿಯ ಕೈಚಳಕ, ಎಂದೆ. ಇರಲಿ, ಹಳೆಯ ಕಥೆ. ಆ ಪ್ಲೇಟನ್ನು ಬಿಟ್ಟು ಉಳಿದೆರಡನ್ನು ಮುಂದುವರಿಸುತ್ತೇವೆ.

ನಿನ್ನ ಅಕ್ಕ

ಮಾರ್ಚ್ 9

ಅಕ್ಕನಿಗೆ,

ಗಡಿಬಿಡಿ ಎಂಬ ಆ ಹೆಸರಿನಿಂದ ನನ್ನನ್ನು ಇನ್ನು ಕರೆಯಬೇಡ. ಪತ್ರದಲ್ಲೂ ಬೇಡ, ಬೇರೆಯವರ ಮುಂದೆ ಮೊದಲೇ ಬೇಡ.

ಚಿಕ್ಕವನಿದ್ದಾಗ ನೀನು ಹಾಗೆ ಕರೆದರೆ ನನಗೇನೂ ಅನಿಸುತ್ತಿರಲಿಲ್ಲ. ಆದರೆ ಆವತ್ತು ನಿರ್ದೇಶಕರ ಕೋಣೆಯಲ್ಲಿ ಅವರು ನಿನ್ನನ್ನು ಕೇಳಿದರು, "ನಿಮ್ಮ ತಮ್ಮ ಹೀಗೆ ಮಾಡಿರಬಹುದಾ?" ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. "ಅವನು ಮೊದಲಿಂದ್ಲೂ ಹಾಗೇ ಸಾರ್, ಮನೇಲೂ ನಾವು ಗಡಿಬಿಡಿ ಅಂತ್ಲೇ ಕರೆಯೋದು" ಅಂದೆ. ಅವರು ನಕ್ಕರು, ನೀನೂ ಸ್ವಲ್ಪ ನಕ್ಕೆ. ಆಮೇಲೆ ನನ್ನ ಕೈಯಿಂದ ಲ್ಯಾಬಿನ ಬೀಗದ ಕೈ ತೆಗೆದುಕೊಂಡರು.

ನೀನು ಆ ಪಟ್ಟಿಯನ್ನು ಕಳಿಸು. ಮಕ್ಕಳ ಹೆಸರು ಬೇಡ. ಗುಳಿಯ ಸಂಖ್ಯೆ, ರಿಜಿಸ್ಟರಿನಲ್ಲಿ ಗಂಡೋ ಹೆಣ್ಣೋ, ಸಾಫ್ಟ್‌ವೇರ್ ಪ್ರಕಾರ ಗಂಡೋ ಹೆಣ್ಣೋ, ಅಷ್ಟೇ ಸಾಕು. ನಾನು ಎಲ್ಲಿ ತಪ್ಪಿದೆ ಎಂದು ನನಗೆ ತಿಳಿಯಬೇಕು. ಇಷ್ಟು ವರ್ಷ ಅದೊಂದೇ ತಿಳಿಯಲಿಲ್ಲ.

ತಮ್ಮ

ಮಾರ್ಚ್ 15

ತಮ್ಮಾ,

ಪಟ್ಟಿ ಇದರೊಂದಿಗಿದೆ. ತೊಂಬತ್ತಾರು ಸಾಲು, ಕೈಯಲ್ಲೇ ಬರೆದೆ. ಮೇಡಂ ಅನುಮತಿ ಕೊಟ್ಟರು.

ಆ ಮಾತು ನಿನಗೆ ಅಷ್ಟು ನಾಟಿತ್ತೆಂದು ನನಗೆ ಗೊತ್ತಿರಲಿಲ್ಲ. ನಿರ್ದೇಶಕರ ಸಿಟ್ಟು ಇಳಿಯಲಿ ಎಂದು ಹಗುರವಾಗಿ ಅಂದೆ ಎಂದುಕೊಂಡಿದ್ದೆ. ಇನ್ನು ಕರೆಯುವುದಿಲ್ಲ.

ಅಕ್ಕ

ಮಾರ್ಚ್ 30

ಅಕ್ಕಾ,

ಸಿಕ್ಕಿತು.

ಪಟ್ಟಿಯನ್ನು ಅಂಗಡಿಯ ಗೋಡೆಗೆ ಅಂಟಿಸಿಕೊಂಡು ಎರಡು ವಾರ ನೋಡಿದೆ. ಯಾರೋ ಎರಡು ಹೆಸರು ಅದಲುಬದಲು ಮಾಡಿದರೆ ತಪ್ಪು ಅಲ್ಲಲ್ಲಿ ಚದುರಿರುತ್ತದೆ. ಇಲ್ಲಿ ಹಾಗಿಲ್ಲ. ಮೊದಲನೇ ಗುಳಿ ತಪ್ಪಾದರೆ ಕೊನೆಯದೂ ತಪ್ಪು. ಎರಡನೆಯದು ಸರಿಯಾದರೆ ಕೊನೆಯಿಂದ ಎರಡನೆಯದೂ ಸರಿ. ಸಾಫ್ಟ್‌ವೇರಿನ ಸಾಲನ್ನು ಕತ್ತರಿಸಿ, ತಲೆಕೆಳಗು ಮಾಡಿ ರಿಜಿಸ್ಟರಿನ ಪಕ್ಕ ಹಿಡಿದೆ. ತೊಂಬತ್ತಾರಕ್ಕೆ ತೊಂಬತ್ತಾರೂ ಹೊಂದಿತು. ಒಂದೂ ತಪ್ಪಿಲ್ಲ ಅಕ್ಕಾ. ಅಂಗಡಿಯಲ್ಲಿ ಒಬ್ಬ ಗಿರಾಕಿ ಪಂಕ್ಚರ್ ಹಾಕಿಸಲು ನಿಂತಿದ್ದ, ಅವನಿಗೇ ತೋರಿಸಿದೆ. "ಒಳ್ಳೇದಾಯ್ತು ಬಿಡಿ, ಟ್ಯೂಬ್ ನೋಡಿ" ಅಂದ.

ಅಂದರೆ ಪ್ಲೇಟು ಹಾಳಾಗಿಲ್ಲ. ಕೊನೆಯಿಂದ ಮೊದಲಿಗೆ ಓದಿದರೆ ಆ ಮಕ್ಕಳೆಲ್ಲ ನಿಮಗೆ ವಾಪಸ್ ಸಿಗುತ್ತಾರೆ. ಮೇಡಂಗೆ ಕೂಡಲೇ ಹೇಳು.

ಹೇಗಾಯಿತೆಂದರೆ, ನಾನು ಟ್ಯೂಬುಗಳ ಸ್ಟ್ಯಾಂಡನ್ನು ತಿರುಗಿಸಿ ಇಟ್ಟುಕೊಂಡು ಕೊನೆಯಿಂದ ಮೊದಲಿಗೆ ಬರೆದಿರಬೇಕು. ನನಗೆ ಹಾಗೆ ಮಾಡಿದ ನೆನಪಿಲ್ಲ. ಆದರೆ ನೆನಪಿಲ್ಲದಿರುವುದೇ ನನ್ನ ಸಮಸ್ಯೆಯಲ್ಲವೇ? ತಪ್ಪು ನನ್ನದೇ ಎಂದು ಒಂದು ಕಾಗದ ಬರೆದುಕೊಡುತ್ತೇನೆ, ಕಡತಕ್ಕೆ ಹಾಕಿಕೊಳ್ಳಲಿ. ಯಾವ ತಪ್ಪು ಎಂದು ತಿಳಿದದ್ದೇ ನನಗೊಂದು ಸಮಾಧಾನ.

ತಮ್ಮ

ಏಪ್ರಿಲ್ 8

ತಮ್ಮಾ,

ಪತ್ರ ಬಂತು. ಮೇಡಂಗೆ ಹೇಳಿದೆ, ಬಹಳ ಖುಷಿಪಟ್ಟರು, ನಿನಗೆ ಧನ್ಯವಾದ ಹೇಳಿದ್ದಾರೆ. ಇಲ್ಲಿ ಕೆಲಸ ಹೆಚ್ಚು. ಕಾಗದವನ್ನು ಸದ್ಯಕ್ಕೆ ಬರೆಯಬೇಡ. ಆಮೇಲೆ ತಿಳಿಸುತ್ತೇನೆ.

ಅಕ್ಕ

ಮೇ 21

ತಮ್ಮಾ,

ಆರು ವಾರ ಸುಮ್ಮನಿದ್ದೆ. ಕೆಲಸ ಹೆಚ್ಚಿದ್ದದ್ದಲ್ಲ. ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ.

ಕೊನೆಯಿಂದ ಮೊದಲಿಗೆ ಎಂದು ನಿನ್ನ ಪತ್ರದಲ್ಲಿ ಓದಿದ ಕ್ಷಣವೇ ನನಗೆ ಯಂತ್ರದ ಪಕ್ಕದ ಕಿಟಕಿ ನೆನಪಾಯಿತು. ಪ್ಲೇಟಿನ ಒಂದು ಮೂಲೆ ಕತ್ತರಿಸಿರುತ್ತದೆ, ಯಾವ ಕಡೆ ಮೊದಲು ಎಂದು ತಿಳಿಯಲಿ ಅಂತ. ಯಂತ್ರದ ಬಾಯಿಗೆ ಪ್ಲೇಟು ಇಡುವ ಕೆಲಸ ನನ್ನದು, ಇಡುವಾಗ ಆ ಮೂಲೆ ಎಡಕ್ಕೆ ಬರಬೇಕು. ನಾನು ಎಡ ಬಲ ಎಂದು ನೋಡುತ್ತಿರಲಿಲ್ಲ. ನಮ್ಮ ಯಂತ್ರದ ಎಡಕ್ಕೆ ಕಿಟಕಿ ಇತ್ತು, "ಕತ್ತರಿಸಿದ ಮೂಲೆ ಕಿಟಕಿ ಕಡೆಗೆ" ಎನ್ನುವುದು ನನ್ನ ಲೆಕ್ಕ. ಕಣ್ಣು ಮುಚ್ಚಿಯೂ ಇಡುತ್ತಿದ್ದೆ. ಹೊಸದಾಗಿ ಬಂದ ಹುಡುಗಿಯರಿಗೆಲ್ಲ ಹಾಗೇ ಕಲಿಸಿದೆ. ಹದಿನಾಲ್ಕು ವರ್ಷದಲ್ಲಿ ಒಂದು ಪ್ಲೇಟೂ ತಪ್ಪಿರಲಿಲ್ಲ, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಆ ವರ್ಷ ಗೋಡೆಗೆ ಬಣ್ಣ ಬಳಿದರಲ್ಲ, ನೆನಪಿದೆಯೇ? ನಾಲ್ಕು ದಿನ ಯಂತ್ರವನ್ನು ಎದುರು ಗೋಡೆಗೆ ಸರಿಸಿದ್ದರು. ಅಲ್ಲಿ ಯಂತ್ರದ ಮುಂದೆ ನಿಂತರೆ ಕಿಟಕಿ ಬಲಕ್ಕೆ ಬರುತ್ತದೆ. ಎರಡನೇ ಪ್ಲೇಟು ನಡೆಸಿದ್ದು ಆ ನಾಲ್ಕು ದಿನದಲ್ಲಿ. ನಾನು ಎಂದಿನಂತೆ ಮೂಲೆಯನ್ನು ಕಿಟಕಿ ಕಡೆಗಿಟ್ಟೆ.

ಹೀಗಿರಬಹುದು ಎಂದು ಅನುಮಾನ ಬಂದ ಮೇಲೂ ಮೂರು ವಾರ ಏನೂ ಮಾಡಲಿಲ್ಲ. ನೀನೇ ತಪ್ಪು ಒಪ್ಪಿಕೊಂಡಿದ್ದೆ, ಕಾಗದ ಬರೆದುಕೊಡುತ್ತೇನೆ ಅಂದಿದ್ದೆ, ಮಕ್ಕಳ ಮಾಹಿತಿಯೂ ಸರಿಯಾಗಿತ್ತು. ಯಾರಿಗೂ ಏನೂ ತೊಂದರೆ ಇಲ್ಲ, ಸುಮ್ಮನಿದ್ದರಾಯಿತು ಎಂದುಕೊಂಡೆ. ಹೌದು, ಹಾಗೆ ಅಂದುಕೊಂಡೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ, ಈಗ ಯಾಕೆ ನನ್ನ ಹೆಸರಿಗೆ ಮಸಿ ಎಂದೂ ಅಂದುಕೊಂಡೆ. ನಿನ್ನಿಂದ ಯಾವುದನ್ನೂ ಮುಚ್ಚಿಡುವುದು ಬೇಡ.

ಒಂದು ದಿನ ಹೊಸ ಹುಡುಗಿಯೊಬ್ಬಳು ಪ್ಲೇಟು ಹಿಡಿದು ಬಂದು, "ಮೂಲೆ ಕಿಟಕಿ ಕಡೆಗೆ ಅಲ್ವಾ?" ಎಂದು ನನ್ನನ್ನು ಕೇಳಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗುಳಿಗೆ ರಕ್ತ ಹಾಕುವಾಗ ಮೂಲ ಟ್ಯೂಬಿನ ಮೇಲೂ ಗುಳಿಯ ಸಂಖ್ಯೆ ಬರೆದಿರುತ್ತಾರಲ್ಲ, ಡೀಪ್ ಫ್ರೀಜರಿನಿಂದ ಆ ಪ್ಲೇಟಿನ ಮೊದಲ ಮತ್ತು ಕೊನೆಯ ಟ್ಯೂಬುಗಳನ್ನು ತೆಗೆದು ಮೇಡಂ ಮುಂದೆ ಇಟ್ಟೆ. ವಾರ್ಡಿನ ನರ್ಸುಗಳು ಅಂಟಿಸಿದ ಹೆಸರಿನ ಚೀಟಿ ಹಾಗೇ ಇತ್ತು, ಮೊದಲ ಟ್ಯೂಬಿನ ಹೆಸರು ನಿನ್ನ ಮೊದಲ ಸಾಲಿಗೂ ಕೊನೆಯದು ಕೊನೆಯ ಸಾಲಿಗೂ ಹೊಂದಿತು. ರಕ್ತವನ್ನು ಮತ್ತೆ ಪರೀಕ್ಷಿಸಿದೆವು. ನಿನ್ನ ರಿಜಿಸ್ಟರ್ ಸರಿಯಾಗಿದೆ ತಮ್ಮಾ. ತೊಂಬತ್ತಾರು ಸಾಲೂ ಸರಿಯಾಗಿವೆ. ನೀನು ಒಂದಕ್ಷರ ತಪ್ಪಿಲ್ಲ. ತಿರುಗಿದ್ದು ಪ್ಲೇಟು, ತಿರುಗಿಸಿದ್ದು ನಾನು.

"ಬೇಕಂತ ಮಾಡಿದ್ದಲ್ವಲ್ಲ, ಬಿಡಿ" ಎಂದರು ಮೇಡಂ. ಪ್ಲೇಟನ್ನು ಬೇಕೆಂದು ತಿರುಗಿಸಲಿಲ್ಲ, ನಿಜ. ಆದರೆ ನಿರ್ದೇಶಕರು ಕೇಳಿದಾಗ "ನನಗೆ ಗೊತ್ತಿಲ್ಲ" ಎನ್ನಬಹುದಿತ್ತು. "ಇನ್ನೊಮ್ಮೆ ಎಲ್ಲ ನೋಡೋಣ" ಎನ್ನಬಹುದಿತ್ತು. ನನ್ನ ಕೈ ತಪ್ಪಿರಬಹುದು ಎನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ. ನಿನ್ನ ಕೈ ತಪ್ಪಿರಬಹುದು ಎನ್ನುವುದು ಕೇಳುವ ಮೊದಲೇ ಹೊಳೆದಿತ್ತು. ನೀನು ಎಂಟು ವರ್ಷದವನಿದ್ದಾಗ ಹಾಲು ಚೆಲ್ಲಿದ್ದನ್ನು ಸಾಕ್ಷಿ ಮಾಡಿಕೊಂಡು, ಮೂವತ್ತು ದಾಟಿದ ನಿನ್ನ ಮೇಲೆ ತೀರ್ಪು ಕೊಟ್ಟೆ. ಅದಕ್ಕೆ ನಾನು ಏನು ಹೇಳಲಿ? ತಪ್ಪಾಯಿತು. ಬಹಳ ತಪ್ಪಾಯಿತು.

ಇದರ ಜೊತೆಗಿರುವುದು ನಾನು ಆಫೀಸಿಗೆ ಬರೆದುಕೊಟ್ಟ ಹೇಳಿಕೆಯ ಪ್ರತಿ. ಸೋಮವಾರದ ಸಭೆಯಲ್ಲಿ ಎಲ್ಲರ ಮುಂದೆ ನಿಂತು ಅದನ್ನು ಓದಿದೆ. ಹಳೆಯ ನಿರ್ದೇಶಕರ ಮನೆಗೂ ಹೋಗಿ ಓದಿ ಬಂದೆ. ಅವರಿಗೆ ನೀನು ಯಾರೆಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಅಳು ಬಂತು. ನಿನ್ನ ಕಡತದಲ್ಲಿದ್ದ ಟಿಪ್ಪಣಿಯನ್ನು ತೆಗೆದು, ರಿಜಿಸ್ಟರ್ ನಿರ್ದೋಷವಾಗಿತ್ತು ಎಂದು ಮೇಡಂ ಸಹಿ ಹಾಕಿದ್ದಾರೆ. ವಾಪಸ್ ಬಂದರೆ ಕೆಲಸವಿದೆ ಎಂದೂ ಹೇಳಿದ್ದಾರೆ. ಅದು ನಿನಗೆ ಬಿಟ್ಟದ್ದು.

ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ ಅಕ್ಕ

ಜೂನ್ 4

ಅಕ್ಕಾ,

ಇದನ್ನು ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ನಿಮ್ಮ ಪತ್ರ ಬಂದ ದಿನ ಅವರು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೇ ಕೂತುಬಿಟ್ಟರು. ನಾನು ಊಟ ತೆಗೆದುಕೊಂಡು ಹೋದರೆ ಸ್ಪೋಕ್ ಕಡ್ಡಿಗಳನ್ನು ಗಾತ್ರದ ಪ್ರಕಾರ ಜೋಡಿಸುತ್ತಿದ್ದರು. "ಯಾರ ಮೇಲೆ ಸಿಟ್ಟು?" ಎಂದೆ. "ಅದೇ ಹುಡುಕ್ತಿದೀನಿ" ಅಂದರು.

ನಾನು ನಿಮ್ಮ ಪತ್ರ ಓದಿದೆ, ಅವರೇ ಕೊಟ್ಟರು. ನನಗೆ ನಿಮ್ಮ ಮೇಲೆ ಸಿಟ್ಟಿದೆ ಅಕ್ಕಾ, ಸುಳ್ಳು ಹೇಳುವುದಿಲ್ಲ. ನೀವು ನೋಡದ ಗಂಡನ ಜೊತೆ ನಾನು ಹತ್ತು ವರ್ಷ ಸಂಸಾರ ಮಾಡಿದ್ದೇನೆ. ಬೀಗ ಹಾಕಿದ ಬಾಗಿಲನ್ನು ನೋಡಲು ಅರ್ಧ ದಾರಿಯಿಂದ ವಾಪಸ್ ಬರುವ ಮನುಷ್ಯ. ಆದರೆ ಸಭೆಯಲ್ಲಿ ನಿಂತು ಓದಿದಿರಲ್ಲ, ಅದು ಎಲ್ಲರ ಕೈಲೂ ಆಗುವುದಿಲ್ಲ. ಹೇಳಿಕೆಯ ಆ ಪ್ರತಿಯನ್ನು ಅವರು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದಾರೆ. ಅಂಗಿ ಒಗೆಯಲು ಕೇಳಿದರೆ ಮೊದಲು ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ.

ಸ್ವಲ್ಪ ದಿನ ಬಿಡಿ. ಬರೆಯುತ್ತಾರೆ.

ನಿಮ್ಮ ತಮ್ಮನ ಹೆಂಡತಿ

ಜುಲೈ 13

ಅಕ್ಕಾ,

ಬರೆಯುವುದು ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ಒಂದರಲ್ಲಿ ಬರೀ ಬೈಗುಳ ಇತ್ತು, ಓದಿದರೆ ನಿನಗೂ ಒಪ್ಪಿಗೆಯಾಗುತ್ತಿತ್ತು.

ಪ್ಲೇಟು ತಿರುಗಿದ್ದಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಯಂತ್ರ ಸರಿಸಿದ ದಿನ ನಾನೂ ಅಲ್ಲೇ ಇದ್ದೆ, ನನಗೂ ಹೊಳೆಯಲಿಲ್ಲ. ಆದರೆ ಆವತ್ತು ನೀನು ಆಡಿದ ಮಾತನ್ನು ನಾನಿನ್ನೂ ನುಂಗಿಕೊಂಡಿಲ್ಲ. ನುಂಗಲು ಇನ್ನೂ ಸಮಯ ಬೇಕು. ಮುಂದಿನ ತಿಂಗಳು ನೀನು ಇಲ್ಲಿಗೆ ಬಾ. ಎದುರಿಗೆ ಕೂತು ಜಗಳವಾಡಬೇಕು, ಕಾಗದದಲ್ಲಿ ಸರಿಯಾಗಿ ಬೈಯಲು ಆಗುತ್ತಿಲ್ಲ.

ಕೆಲಸಕ್ಕೆ ವಾಪಸ್ ಬರುವುದಿಲ್ಲ. ಮೇಡಂಗೆ ನನ್ನ ನಮಸ್ಕಾರ ತಿಳಿಸು. ಸೈಕಲ್ ನನಗೆ ಒಗ್ಗಿದೆ. ಸಾಫ್ಟ್‌ವೇರ್ ಮತ್ತೆ ತಕರಾರು ಮಾಡಿದರೆ ಬರೆ.

ಈಗ ನಿನಗೆ ಹೇಳದ ಒಂದು ವಿಷಯ ಹೇಳುತ್ತೇನೆ. ನಮ್ಮ ಮಗಳಿಗೆ, ಗುಬ್ಬಿಗೆ, ಸಕ್ಕರೆ ಕಾಯಿಲೆ ಇದೆ. ನಾಲ್ಕು ವರ್ಷದವಳಿದ್ದಾಗ ಗೊತ್ತಾಯಿತು, ಈಗ ಎಂಟು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಬೆರಳು ಚುಚ್ಚಿ ರಕ್ತ ನೋಡಿ, ತಿನ್ನುವುದಕ್ಕೆ ತಕ್ಕ ಹಾಗೆ ಅಳೆದು ಹಾಕಬೇಕು. ಅಳತೆ ಹೆಚ್ಚಾದರೆ ಮಗು ಎಚ್ಚರ ತಪ್ಪುತ್ತದೆ. ಈ ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ನಾನು ಸೂಜಿ ಮುಟ್ಟಿಲ್ಲ. ನರ್ಸ್ ನನಗೂ ಕಲಿಸಿದ್ದಾಳೆ, ಹೇಗೆಂದು ಚೆನ್ನಾಗಿ ಗೊತ್ತು. ಆದರೆ ನಾನು ತಪ್ಪುವ ಮನುಷ್ಯ, ತಪ್ಪಿದ್ದು ನನಗೇ ತಿಳಿಯದ ಮನುಷ್ಯ ಎಂದುಕೊಂಡಿದ್ದೆ. ಅಂಥವನ ಕೈಗೆ ಮಗುವನ್ನು ಹೇಗೆ ಕೊಡುವುದು? ಅದಕ್ಕೇ ನನ್ನ ಹೆಂಡತಿ ನಾಲ್ಕು ವರ್ಷದಿಂದ ಒಂದು ರಾತ್ರಿಯೂ ಮನೆ ಬಿಟ್ಟು ಹೋಗಿಲ್ಲ. ಯಾಕೆ ಎಂದು ಒಮ್ಮೆಯೂ ನನ್ನನ್ನು ಕೇಳಿಲ್ಲ.

ಮೊನ್ನೆ ಅವಳ ತಂಗಿಗೆ ಹೆರಿಗೆಯಾಯಿತು. ಹೋಗಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ಪಾತ್ರೆ ತೊಳೆಯುತ್ತಿದ್ದಳು. ನಾನು "ಹೋಗ್ಬಾ, ಎರಡು ದಿನ ಇದ್ದು ಬಾ, ಗುಬ್ಬಿನ ನಾನ್ ನೋಡ್ಕೋತೀನಿ" ಎಂದೆ. ಅವಳು ನಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು. "ಸೂಜಿ?" ಎಂದಳು. "ಅದೂ" ಎಂದೆ.

ಇವತ್ತು ಬೆಳಿಗ್ಗೆ ಬಸ್ಸು ಹತ್ತಿಸಿ ಬಂದೆ. ಮಧ್ಯಾಹ್ನ ಒಂದು ಗಂಟೆಗೆ ಗುಬ್ಬಿ ಶಾಲೆಯಿಂದ ಬಂದು ಅಡುಗೆ ಮನೆಯ ಕಟ್ಟೆ ಹತ್ತಿ ಕೂತು ಬೆರಳು ಚಾಚಿದಳು. ರಕ್ತ ನೋಡಿದೆ, ಚೀಟಿಯಲ್ಲಿ ಬರೆದೆ, ಇನ್ಸುಲಿನ್ ಪೆನ್ನಿನಲ್ಲಿ ಅಳತೆ ತಿರುಗಿಸಿದೆ. ಎರಡು ಸಲ ನೋಡಿದೆ. ನರ್ಸ್ ಹೇಳಿಕೊಟ್ಟದ್ದೂ ಎರಡೇ ಸಲ. ಮೂರನೇ ಸಲ ನೋಡಲು ಕಣ್ಣು ಹೋಯಿತು, ನಾನು ಬಿಡಲಿಲ್ಲ. ಹಾಕಿದೆ.

"ಆಯ್ತಾ ಅಪ್ಪಾ?" ಎಂದಳು. "ಆಯ್ತು" ಎಂದೆ. "ಹಂಗಾದ್ರೆ ಕೈ ಬಿಡು, ಹಸಿವಾಗ್ತಿದೆ" ಎಂದಳು. ನಾನು ಅವಳ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದೆ.

ಅವಳು ಊಟ ಮಾಡಿ ಈಗ ಹೊರಗೆ ಆಡುತ್ತಿದ್ದಾಳೆ, ಕಿರುಚುವುದು ಇಲ್ಲಿಗೆ ಕೇಳಿಸುತ್ತಿದೆ. ಸಂಜೆಯ ಸೂಜಿಗೆ ಇನ್ನು ಎರಡು ಗಂಟೆ ಇದೆ. ಅದನ್ನೂ ನಾನೇ ಹಾಕುತ್ತೇನೆ.

ನಿನ್ನ ತಮ್ಮ